ಗಾಡಿ ಓಡಿಸುವವನು ಹೇಳಿದ್ದು

ಮೊದಲು ಎಂಜಿನ್ ಆರಿಸಬೇಕು,
ಮೂರು ಕಿಲೋಮೀಟರ್ ದೂರದಲ್ಲೇ, ಗಾಳಿಗೆ ಎದುರಾಗಿ.
ಬಾಗಿಲು ಬಡಿಯುವ ಹಾಗಿಲ್ಲ, ಒರಗಿಸಬೇಕು,
ಒಳಗೆ ಕೂಸು ಮಲಗಿದೆಯೇನೋ ಅನ್ನುವ ಹಾಗೆ.
ಆಮೇಲೆ ಶೋಲ್ಪಾನ್ ಮೊಣಕೈಗೆ ಚರ್ಮದ ತೇಪೆ ಬಿಗಿದು
ಹೊಟ್ಟೆಯ ಮೇಲೆ ಹೊರಡುತ್ತಾಳೆ.
ನನಗೆ ಕಾಣುವುದು ಎರಡು ಬೂಟಿನ ಅಂಗಾಲು,
ಆಮೇಲೆ ಒಂದು,
ಆಮೇಲೆ ತೊರ್ಗಾಯ್ ಬಯಲು, ಬರೀ ಬಯಲು.

ಮೇ ತಿಂಗಳ ಹತ್ತು ದಿನ. ಅಷ್ಟರಲ್ಲೇ ಎಲ್ಲ ಹೆರಿಗೆ.
ಸೈಗಾ ಅಂದರೆ ನಿಮಗೆ ಗೊತ್ತೋ ಇಲ್ಲವೋ:
ಆಡಿನಷ್ಟು ಎತ್ತರ, ಜಿಂಕೆಯ ಕಾಲು,
ಸೊಂಡಿಲಾಗಲು ಹೊರಟು
ಅರ್ಧಕ್ಕೇ ಮನಸ್ಸು ಬದಲಿಸಿದ ಮೂಗು.
ನನ್ನಜ್ಜಿ ಅಕ್‌ಬೊಕೆನ್ ಅನ್ನುತ್ತಿದ್ದಳು,
ಹಿರಿಸೊಸೆಯನ್ನು ಕರೆಯುವ ದನಿಯಲ್ಲಿ.
ಮರಿ ಹುಟ್ಟಿದ್ದೇ ನೆಲಕ್ಕಂಟಿ ಮಲಗುತ್ತದೆ,
ತಾಯಿ ದೂರ ನಿಂತು
ಇದು ಯಾರದೋ ಎಂಬಂತೆ ಮೇಯುತ್ತಾಳೆ.

ಅವಳ ಚಿತ್ರದಲ್ಲಿ ಆಕಾಶ ಕಡಿಮೆ.
ಬಯಲೆಂದರೆ ಮುಕ್ಕಾಲು ಆಕಾಶ ಅನ್ನುವವರಿಗೆ ಹಿಡಿಸುವುದಿಲ್ಲ.
ಲೆನ್ಸು ಮರಿಯ ಕಣ್ಣಿನ ಮಟ್ಟಕ್ಕೇ ಇಳಿಯುತ್ತದೆ.
ಅಲ್ಲಿಂದ ನೋಡಿದರೆ ಮಾಚಿಪತ್ರೆಯೇ ಹೆಮ್ಮರ,
ಜೀರುಂಡೆಯೇ ಗೂಳಿ.
ಮಸುಕು ಹುಲ್ಲು, ಮತ್ತೆ ಹುಲ್ಲು, ಅದರ ಸಂದಿಯಲ್ಲಿ
ಒಂದೇ ಒಂದು ಒದ್ದೆ ಕಣ್ಣು.
ಅಂಚು ಕತ್ತರಿಸುವವಳಲ್ಲ. ಬಂದದ್ದು ಬಂದ ಹಾಗೆ.
ಒಮ್ಮೆ ಮೂಲೆಯಲ್ಲಿ ನಮ್ಮ ಜೀಪಿನ ಟೈರೂ ಬಂತು.
ಇರಲಿ, ಅಂದಳು, ನಾವೂ ಇದ್ದೆವಲ್ಲ.

ನಾಲ್ಕು ಕ್ಲಿಕ್ಕು, ಹೆಚ್ಚೆಂದರೆ ಐದು. ಮತ್ತೆ ಹಿಂದಕ್ಕೆ,
ನಮ್ಮ ವಾಸನೆ ಹಿಡಿದು ನರಿ ಬಂದೀತೆಂದು
ಸುತ್ತು ಬಳಸಿ.
ಅದು ನಾಲ್ಕನೇ ವರ್ಷ ಇರಬೇಕು,
ಹತ್ತು ಮಾರು ದೂರದಲ್ಲಿ ಒಂದು ಹೆರುತ್ತಿತ್ತು, ಎಳೆಬಿಸಿಲು,
ಬೈನಾಕ್ಯುಲರಿನಲ್ಲಿ ನನಗೂ ಕಂಡಿತು
ಹೊರಬಂದ ಪುಟ್ಟ ಗೊರಸು.
ತಾಯಿ ತಲೆಯೆತ್ತಿ ಇವಳತ್ತ ತಿರುಗಿತು.
ಶೋಲ್ಪಾನ್ ಕ್ಯಾಮೆರಾ ಬಿಟ್ಟು
ಮುಖವನ್ನು ಮಣ್ಣಿಗೊತ್ತಿ ಮಲಗಿಬಿಟ್ಟಳು.
ಮೂರು ಗಂಟೆ.
ಗಾಡಿಗೆ ಬಂದಾಗ ಕೆನ್ನೆಯ ಮೇಲೆ ಹುಲ್ಲಿನ ಅಚ್ಚು.
ಚಹಾ ಕೇಳಿದಳು. ಉಪ್ಪು ಜಾಸ್ತಿಯೆಂದು ಬೈದಳು.

ಸತ್ತ ವರ್ಷದ ಮಾತೇ ಬೇರೆ.
ಯಾವ ರೋಗವೋ, ಮೂರು ದಿನಕ್ಕೆ ಬಯಲೆಲ್ಲ ಹೊಟ್ಟೆಯುಬ್ಬಿ ಬಿದ್ದಿತ್ತು.
ಆಗ ಅವಳು ನೆಲಕ್ಕಿಳಿಯಲಿಲ್ಲ. ನಿಂತೇ ತೆಗೆದಳು,
ಒಂದೊಂದಕ್ಕೂ ಒಂದೊಂದು, ಸಾಲು ಹಿಡಿದು.
ಬ್ಯಾಟರಿ ಮುಗಿದ ಮೇಲೆ
ನನ್ನ ಪೆಟ್ರೋಲ್ ಲೆಕ್ಕದ ಪುಸ್ತಕದಲ್ಲಿ ಗೀಟು ಹಾಕಿಸಿದಳು.
ಆ ಪುಸ್ತಕ ನನ್ನ ಹತ್ತಿರವೇ ಇದೆ. ಕೇಳಬೇಡಿ, ತೋರಿಸುವುದಿಲ್ಲ.

ಇನ್ನು ಆ ಚಿತ್ರ.
ಅರ್ಕಾಲಿಕ್ ಶಾಲೆಯ ಗೋಡೆಯಲ್ಲಿದೆ, ದೊಡ್ಡ ದೊಡ್ಡ ಕಚೇರಿಗಳಲ್ಲೂ.
ಎರಡು ಅಂಗೈ, ಅದರ ಮೇಲೆ ಒಂದು ಜೊತೆ ಕೊಂಬು,
ಜೇನಿನ ಬಣ್ಣ, ಬೆಳಕು ಒಳಗೇ ನಿಂತಿದೆ.
ಉಗುರಿನಲ್ಲಿ ಗ್ರೀಸು.
ಕಳ್ಳಬೇಟೆಗಾರನ ಕೈ ಎಂದು ಕೆಳಗೆ ಬರೆದಿದ್ದಾರೆ,
ಅದು ಅವಳ ಮಾತಲ್ಲ.

ಹಿಮ ಬೀಳುತ್ತಿದ್ದ ರಾತ್ರಿ,
ಮೋಟಾರ್‌ಸೈಕಲ್ಲಿನ ಚೀಲದಲ್ಲಿ ಹನ್ನೊಂದು ಜೊತೆ.
ಕಾವಲಿನ ಯೆರ್ಬೊಲಾತ್ ಗಲ್ಲ ಹಿಡಿದು ಟಾರ್ಚಿನತ್ತ ತಿರುಗಿಸಿದ:
ಮುಖ ತೆಗಿ, ತೆಗಿ ಮುಖ, ಊರಿಗೆಲ್ಲ ಗೊತ್ತಾಗಲಿ.
ಮುಖ ಬೇಡ, ಅಂದಳು.
ಕೈ ಚಾಚು, ಅಂದಳು.
ನಡುಗುತ್ತಿತ್ತು. ಕಾದಳು, ಮರಿಗಳಿಗೆ ಕಾಯುವಷ್ಟೇ ಹೊತ್ತು.
ನಡುಕ ನಿಲ್ಲಲಿಲ್ಲ. ಅದಕ್ಕೇ ಚಿತ್ರದಲ್ಲಿ
ಎಡ ಹೆಬ್ಬೆರಳು ಕೊಂಚ ಮಸುಕು.
ಬಲ್ಲವರು ಅದನ್ನು ಶೈಲಿ ಅನ್ನುತ್ತಾರೆ.

ಒಂದೂವರೆ ವರ್ಷ ಒಳಗಿದ್ದು ಬಂದೆ.
ಬಸ್ಸಿಗೆ ನಿಂತಿದ್ದೆ, ಜೀಪು ಬಂತು, ಗಾಜು ಇಳಿಯಿತು:
ಎಲ್ಲಿ ಹೆರುತ್ತವೆಂದು ನಿನಗೆ ಗೊತ್ತಿರಬೇಕಲ್ಲ?
ಗೊತ್ತಿತ್ತು.

ಸುಮ್ಮನಿರಿ. ಅಗೋ,
ಹುಲ್ಲಿನಲ್ಲಿ ಒಂದು ಬೂಟು.
ಸ್ಟೌ ಹಚ್ಚಬೇಕು.
ಉಪ್ಪು ಕಡಿಮೆ.