ಎಂಟು ಸಲ

ಶೋರೂಮಿನವ ಕೇಳಿದ್ದು ಇನ್ನೂರ ಎಂಬತ್ತು ಡಾಲರು.
ವರ್ನಾ ನಕ್ಕು, ಅಂಚೆಯಲ್ಲಿ ತರಿಸಿದಳು ಹದಿನಾಲ್ಕಕ್ಕೆ
ಬೆರಳುದ್ದದ ಕರಿ ರಿಮೋಟು.

ಡುಲೂತಿನ ಚಳಿ. ಗ್ಯಾರೇಜಿನೊಳಗೆ ಉಸಿರೂ ಹೊಗೆ.
ಬಾಗಿಲೆಳೆದು ಬೆಲ್ಟು ಬಿಗಿದಳು,
ಹೊರಡುವುದೇನಿಲ್ಲ, ಶಾಲಾ ಬಸ್ಸು ಓಡಿಸುವವಳ ಅಭ್ಯಾಸ.
ಕೀಲಿ ತಿರುವು, ಹಿಂದಕ್ಕೆ, ತಿರುವು, ಹಿಂದಕ್ಕೆ,
ಎಂಟು ಸಲ, ಹತ್ತು ಸೆಕೆಂಡಿನೊಳಗೆ.
ಏಳಕ್ಕೇ ಲೆಕ್ಕ ತಪ್ಪಿತು. ಬೈದಳು. ಮತ್ತೆ ಮೊದಲಿಂದ.

ಖಟ್ಟೆಂದವು ನಾಲ್ಕೂ ಬಾಗಿಲು.
ಹೊಸ ಗುಂಡಿ ಒತ್ತಿದಳು; ಕಾರು ಹೂಂಗುಟ್ಟಿತು.

ಕಾಗದದ ಕೊನೆಯ ಸಾಲು ಓದಿದ್ದು ಆಮೇಲೆ:
ಈ ಹೊತ್ತು ಕೈಯಲ್ಲಿಲ್ಲದ ಹಳೆಯದನ್ನೆಲ್ಲ
ಗಾಡಿ ಮರೆಯುತ್ತದೆ.

ಇನ್ನೊಂದು ಆರ್ಲೋನ ಜೇಬಿನಲ್ಲಿತ್ತು, ಬಿಸ್ಮಾರ್ಕಿನಲ್ಲೆಲ್ಲೋ,
ಮೂರು ವರ್ಷದಿಂದ
ವಾಪಸು ಕೊಡೆಂದು ಕೇಳಲಾಗದ್ದು.

ಉಳಿದದ್ದೆಷ್ಟು ಎಂದು ಕೂಡಿ ಕಳೆಯುತ್ತ
ಬೆಲ್ಟು ಬಿಚ್ಚಲು ಮರೆತು
ಕೂತೇ ಇದ್ದಾಳೆ.