ಮೆಟ್ಟಿಲು ಯಾವ ಕಾಲಮ್ಮಿಗೆ

ಟೇಪಿನ ತುದಿ ಹಿಡಿಯಲು ಜೊತೆಗೆ ಯಾರೂ ಬಂದಿರಲಿಲ್ಲ.
ಸಣ್ಣೋಬಮ್ಮನೇ ಹಿಡಿದಳು,
ತನ್ನ ಮನೆಯ ಕಂದಾಯ ಏರಿಸಲು
ತಾನೇ ಒಂದು ಕೈ ಕೊಟ್ಟಂತೆ.

ಚೆಕ್ಕುಬಂದಿ: ಪೂರ್ವಕ್ಕೆ ಓಣಿ,
ಉತ್ತರಕ್ಕೆ ಫಕ್ರುದ್ದೀನನ ಹಿಟ್ಟಿನ ಗಿರಣಿ,
ದಕ್ಷಿಣಕ್ಕೆ ಚರಂಡಿ (ಮುಚ್ಚಿದೆ ಅಂತ ಕಾಗದ ಹೇಳುತ್ತದೆ),
ಪಶ್ಚಿಮಕ್ಕೆ ಬಂಡೆ.
ಬಂಡೆ ಯಾರದೆಂದು ನಮ್ಮ ಯಾವ ಕಡತದಲ್ಲೂ ಇಲ್ಲ.
ಅದನ್ನು ನೋಡಲೆಂದೇ ಜನ ಬರುತ್ತಾರೆ.
ಕಿಟಕಿ ತೆರೆದರೆ ಕೋಟೆಯ ಒಂದು ಸುತ್ತು,
ರಾತ್ರಿಗೆ ಒಂಬೈನೂರು,
ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ ಸೇರಿ.

ನಗರಸಭೆಯಲ್ಲಿ ನನಗೆ ಹೇಳಿ ಕಳಿಸಿದ್ದು ಇಷ್ಟೆ:
ಫೋನಿನಲ್ಲಿ ರೂಮು ತೋರಿಸುವವರ ಪಟ್ಟಿ ಬಂದಿದೆ, ಪಾಲಯ್ಯ,
ವಾಸದ ದರ ಕಟ್ಟಿ ವ್ಯಾಪಾರ ಮಾಡುವವರನ್ನು
ವಾಸದಿಂದ ಎತ್ತಿ ವಾಣಿಜ್ಯಕ್ಕೆ ಹಾಕು.
ಕೂಸನ್ನು ತೊಟ್ಟಿಲಿಂದ ಎತ್ತಿ
ಚಾಪೆಗೆ ಹಾಕಿದ ಹಾಗೆ.

ಕೆಳಗೆ ಅಡುಗೆಮನೆ, ಪಡಸಾಲೆ: ವಾಸ.
ಮೇಲೆ ಎರಡು ಕೋಣೆ.
ನವೆಂಬರಿನಿಂದ ಫೆಬ್ರವರಿ ಮಂಚಕ್ಕೆ ಬಿಳಿ ಚಾದರ,
ಮಾರ್ಚಿನಲ್ಲಿ ಅದೇ ಮಂಚದ ಮೇಲೆ ಮೆಣಸಿನಕಾಯಿ,
ಈ ಏಪ್ರಿಲಿನಲ್ಲಿ ಬಾಣಂತಿ ಮಗಳು.
ನಮೂನೆಗೆ ತಿಂಗಳು ಗೊತ್ತಿಲ್ಲ.
ಚದರಡಿ ಗೊತ್ತು.

ನಾನೇ ದಾರಿ ತೋರಿಸಿದೆ, ಇಪ್ಪತ್ತೆರಡು ವರ್ಷದ ಅಭ್ಯಾಸ.
'ನೆಂಟ್ರು ಬಂದಿದ್ರು ಅಂತ ಹೇಳಿಬಿಡಕ್ಕಾ,
ನೆಂಟ್ರಿಗೆ ಕಂದಾಯ ಇಲ್ಲ.'
ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಆಕೆ ಟೇಪು ಬಿಟ್ಟಳು. ಅದು ಸರ್ರನೆ ಬಂದು
ನನ್ನ ಬೆರಳಿಗೆ ಹೊಡೆಯಿತು.

'ಬಿಸಿನೀರು ತಡ ಆದ್ರೆ ನೆಂಟ್ರು
ಎರಡೇ ಚುಕ್ಕಿ ಕೊಟ್ಟು ಹೋಗ್ತಾರೇನಪ್ಪ?
ರೇಷನ್ ಕಾರ್ಡಿನಾಗೆ ಮನೆಗೆಲಸ,
ಬ್ಯಾಂಕಿನಾಗೆ ಮನೆಗೆಲಸ,
ಜನಗಣತಿಗೆ ಬಂದ ಮೇಷ್ಟ್ರು
ನನ್ನ ಕೇಳ್ದೇನೆ ಮನೆಗೆಲಸ ಅಂತ ಬರ್ಕಂಡು ಹೋದ.
ನೀನು ಬರಿ, ವಾಣಿಜ್ಯ. ದಪ್ಪಕ್ಕೆ ಬರಿ.
ಕಟ್ತೀನಿ.'

ಬರೆದೆ.
ಕಂದಾಯ ಏರಿದ್ದಕ್ಕೆ ಬೈದವರನ್ನು ಕಂಡಿದ್ದೇನೆ, ಅತ್ತವರನ್ನು,
ನಾಯಿ ಬಿಟ್ಟವರನ್ನೂ.
ಮಸಿ ಒಣಗಲೆಂದು ಪಕ್ಕದಲ್ಲಿ ನಿಂತು
ಉಫ್ ಉಫ್ ಅಂತ ಊದಿದವಳು
ಇವಳೊಬ್ಬಳೇ.

ಜಗಳ ಶುರುವಾದದ್ದು ಆಮೇಲೆ,
ಹೊರಗಿನ ಮೆಟ್ಟಿಲ ಮೇಲೆ.
'ಹದಿನಾಲ್ಕು ಮೆಟ್ಲು. ಬಂದೋರು ಹತ್ತೋದು ದಿನಕ್ಕೆ ಎರಡು ಸಲ.
ನಾನು ಎಷ್ಟು ಸಲ ಅಂತ ನನ್ನ ಮಂಡಿ ಕೇಳು.
ಮೆಟ್ಲು ಮನೇದು.'
ನಿಯಮದ ಪುಸ್ತಕ ತಿರುವಿದೆ.
ಲಿಫ್ಟು ಇತ್ತು, ವಾಹನ ನಿಲ್ಲಿಸುವ ಜಾಗ ಇತ್ತು,
ಈಜುಕೊಳ ಕೂಡ ಇತ್ತು, ಈ ಊರಿನ ನೀರಿಗೆ!
ಮೆಟ್ಟಿಲು ಇರಲಿಲ್ಲ.
ಏಳು ವಾಸಕ್ಕೆ, ಏಳು ವಾಣಿಜ್ಯಕ್ಕೆ, ಆಯ್ತಾ, ಅಂದೆ.
'ಒಂದು ಕಾಲು ಏಳರಾಗೆ, ಒಂದು ಕಾಲು ಎಂಟರಾಗೆ ಇದ್ರೆ
ಆವಾಗ ನಾನೇನು?'

ಷರಾದಲ್ಲಿ ಬರೆದೆ:
ಮೆಟ್ಟಿಲು, ಮೇಲಧಿಕಾರಿಗಳ ತೀರ್ಮಾನಕ್ಕೆ.
ಇನ್ನು ಆ ಕಡತ ಏಳು ಸುತ್ತು ಸುತ್ತಲಿ,
ದುರ್ಗಕ್ಕೆ ಅದೇನೂ ಹೊಸದಲ್ಲ.

ಇಳಿಯುವಾಗ ಬಿಸಿಲು ಬಿದ್ದ ಮೆಟ್ಟಿಲಲ್ಲಿ
ಯಾರದೋ ಊರಿನ ಕಾಲುಚೀಲ ಒಣಗುತ್ತಿತ್ತು,
ಪಕ್ಕದಲ್ಲೇ, ಒಂದು ಗೇಣು ಬಿಟ್ಟು, ಸಂಡಿಗೆ.
ಎರಡನ್ನೂ ದಾಟಿಕೊಂಡು ಇಳಿದೆ.