ಸಜಾದ ಲಾವಂಚ

ಈ ಜಾಗದ ಹೆಸರು ಸಜಾ.
ನಮ್ಮ ಕಡೆ ಅದು ಜೈಲಿನ ಮಾತು,
ಶಾರ್ಜಾದವರಿಗೆ ಬರೀ ಒಂದು ಬಸ್‌ಸ್ಟಾಪು.
ಇಲ್ಲಿ ಹತ್ತು ವರ್ಷ ಬ್ಯಾಟರಿ ಒಡೆದರು.
ನಾನೂ ಒಡೆದವನೇ, ಸುತ್ತಿಗೆ ಹಿಡಿದು, ನಾಲ್ಕು ವರ್ಷ.
ಆಸಿಡ್ ಮರಳಿಗೆ ಹೋಯಿತು, ತಗಡು ಕುಲುಮೆಗೆ,
ದುಡ್ಡು ಯಾರ ಮನೆಗೋ.
ಸೀಸ ಮಾತ್ರ ಎಲ್ಲಿಗೂ ಹೋಗಲಿಲ್ಲ,
ಬಾಡಿಗೆ ಕೊಡದ ಒಕ್ಕಲಿನ ಹಾಗೆ
ಬೇಲಿಯೊಳಗೆ ಕೂತುಬಿಟ್ಟಿತು.

ಈಗ ಅದೇ ನೆಲಕ್ಕೆ ನಾನು ಮಾಲಿ.
ಬೋರ್ಡು ಬದಲಾಗಿದೆ, ವೀಸಾ ಬದಲಾಗಿದೆ.
ಪೇಟೆಯ ಕೊಳಚೆಯನ್ನು ಸೋಸಿದ ನೀರು ಟ್ಯಾಂಕರಿನಲ್ಲಿ ಬರುತ್ತದೆ,
ಸಾಲುಸಾಲು ಲಾವಂಚ ಕುಡಿಯುತ್ತದೆ.

ಮೊದಲ ದಿನ ಸಸಿ ಇಳಿಸುವಾಗ ಬೇರಿನ ವಾಸನೆ ಬಡಿದು
ನಕ್ಕುಬಿಟ್ಟೆ.
ಶಿರ್ವದ ಗುಲಾಬಿ ಚಿಕ್ಕಿ ಇದರಲ್ಲೇ ಬೀಸಣಿಗೆ ಹೆಣೆದು
ಮೂರು ಮದುವೆ ಮಾಡಿದಳು.
ಬೇಸಗೆಯಲ್ಲಿ ಕುಡಿಯುವ ನೀರಿಗೆ ಒಂದು ಹಿಡಿ ಬೇರು;
ಬಂದವರು ಇನ್ನೊಂದು ಲೋಟ ಅನ್ನದೆ ಏಳುತ್ತಿರಲಿಲ್ಲ.

ಎಂಜಿನಿಯರ್ ಶಮ್ಸಾ ಹೇಳಿದಳು:
"ನೆಟ್ಟ ಮೇಲೆ ಇದು ಬಾಯಿಗಲ್ಲ.
ಮಣ್ಣಿನಲ್ಲಿದ್ದದ್ದು ಇನ್ನು ಬೇರಿನಲ್ಲಿ."
ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ.
ಇದು ಆಡುವುದೂ ಇಲ್ಲ.
ಸುಮ್ಮನೆ ಇಳಿಯುತ್ತದೆ, ಒಂದಾಳು, ಒಂದೂವರೆ ಆಳು,
ಕರೆಂಟು ಹೋದ ಮನೆಯಲ್ಲಿ ಬೀಗದಕೈ ತಡಕುವವರಂತೆ
ತಡಕಿ, ಸಿಕ್ಕಿದ್ದನ್ನು ಮುಷ್ಟಿಯಲ್ಲಿ ಬಿಗಿಹಿಡಿದು,
ಮೇಲೆ ಹಸಿರಾಗಿ ನಿಲ್ಲುತ್ತದೆ, ಏನೂ ಗೊತ್ತಿಲ್ಲದ ಹಾಗೆ.

ಜುಲೈ. ಕಿತ್ತ ಬೇರಿನ ರಾಶಿ.
ಸಿವಾನಿನಿಂದ ಹೊಸದಾಗಿ ಬಂದ ಹುಡುಗ ರಾಮ್‌ಸಕಲ್
ಖಸ್! ಖಸ್! ಎಂದು ಕುಣಿದ.
ಅವನ ಊರಲ್ಲೂ ಇದರ ಶರಬತ್ತು.
ಒಂದು ಕಟ್ಟು ತೊಳೆದು
ನಮ್ಮ ನೀರಿನ ಕ್ಯಾನಿಗೆ ಇಳಿಬಿಟ್ಟ.
ನಲವತ್ತೆಂಟು ಡಿಗ್ರಿ.
ಆರು ಜನ, ಆರು ಲೋಟ.

ನಾನು ಒದ್ದೆ.

ತಣ್ಣನೆಯ ನೀರು ಮರಳಿಗೆ ಹೋದ ಸದ್ದು,
ಆಮೇಲೆ ಆ ಆರು ಜನರ ನೋಟ.
ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

"ಸೀಸ" ಎಂದೆ.
ನನ್ನ ಹಿಂದಿ ಹೋಟೆಲಿನ ಹಿಂದಿ.
ಹುಡುಗನಿಗೆ ಅದು ಶೀಶಾ ಎಂದು ಕೇಳಿಸಿ
ಮಂಡಿಯೂರಿ ಒದ್ದೆ ಮರಳಲ್ಲಿ ಗಾಜಿನ ಚೂರು ಹುಡುಕತೊಡಗಿದ.
ಈಜಿಪ್ಟಿನ ಡ್ರೈವರ್ ಹುಕ್ಕಾ ಎಂದುಕೊಂಡು ನಕ್ಕ.
ನನ್ನ ಮಾತಲ್ಲೇನು ಕಮ್ಮಿಯೆ,
ಕೊನೆಗೊಂದು ಏತ್ವ ಕೊಟ್ಟರೆ ಬಾಟಲಿ,
ಕಡ್ಡಿ ಸೇರಿಸಿದರೆ ಮಗು ಅಕ್ಷರ ತಿದ್ದುವ ಪೆನ್ಸಿಲು.

ಕೆಳತುಟಿ ಎಳೆದು ತೋರಿಸಿದೆ.
ಒಸಡಿನ ಅಂಚಿಗೆ, ಹಲ್ಲುಗಳ ಉದ್ದಕ್ಕೂ, ನೀಲಿ ಗೆರೆ,
ಮೇಷ್ಟ್ರು ಎಳೆದ ಹಾಗೆ ನೇರ.
ಬಲಗೈ ಎತ್ತಿದೆ. ತೋಳು ಎದ್ದಿತು, ಮಣಿಕಟ್ಟು ಏಳಲಿಲ್ಲ,
ಹಗ್ಗದ ಮೇಲಿನ ಒದ್ದೆ ಬಟ್ಟೆಯ ಹಾಗೆ ಜೋತಿತು.
ರಾಮ್‌ಸಕಲ್ ಹುಡುಕುವುದನ್ನು ನಿಲ್ಲಿಸಿದ.

ಸಂಜೆ ಬೇರು ತೂಗಿದೆವು.
ಪ್ರತಿ ಕಟ್ಟಿಗೂ ನಂಬರು, ತಾರೀಕು,
ಎಷ್ಟು ಸೀಸ ಎಂದು ಬರೆಯಲು ಖಾಲಿ ಮನೆ.
ಡ್ರಮ್ಮಿಗೆ ತುಂಬಿ ಮುಚ್ಚಳ ಬಿಗಿದೆವು.
"ಇನ್ನೆಷ್ಟು ಕೊಯ್ಲು ಬೇಕು?"
ಶಮ್ಸಾ ಮೊಬೈಲಿನಲ್ಲಿ ಲೆಕ್ಕ ಹಾಕಿದಳು, ಅಳಿಸಿದಳು, ಮತ್ತೆ ಹಾಕಿದಳು.
"ನೀವು ಊರಿಗೆ ಹೋದ ಮೇಲೂ" ಎಂದಳು.
ನನ್ನ ನೆತ್ತರಿನ ಲೆಕ್ಕ ಕೇಳಲಿಲ್ಲ,
ಅವಳ ಹಾಳೆಯಲ್ಲಿ ಅದಕ್ಕೆ ಮನೆ ಇರಲಿಲ್ಲ.

ಬೇಲಿಯ ಫಲಕದಲ್ಲಿ ಅರಬ್ಬಿ, ಇಂಗ್ಲಿಷು, ಉರ್ದು, ಮಲಯಾಳ.
ಕೆಳಗೆ ಎಡಗೈಯಲ್ಲಿ, ಇದ್ದಿಲು ಹಿಡಿದು, ಸೊಟ್ಟಗೆ ಬರೆದೆ:
ನೀರಿಗೆ ಹಾಕಬೇಡಿ.
ಓದುವವನು ಇಲ್ಲಿ ನಾನೊಬ್ಬನೇ. ಇರಲಿ.

ಮರುದಿನ ಬಿಡುವಿನ ಹೊತ್ತು
ಹುಡುಗ ಕ್ಯಾನಿನ ಮುಚ್ಚಳದ ಮೇಲೇ ಕೂತಿದ್ದ,
ಯಾರು ಬಂದರೂ ಮೊದಲು ಕೈ ಮೂಸುತ್ತಿದ್ದ.
ನನ್ನದನ್ನು ಮೂಸಿ ತೊಳೆಸಿದ.
ಮತ್ತೆ ಮೂಸಿ ಮತ್ತೆ ತೊಳೆಸಿದ.
ಕಂಪು ಹೋಗಲಿಲ್ಲ.
ಕೊನೆಗೆ ತಾನೇ ಲೋಟ ಹಿಡಿದು
ಕುಡಿಸಿದ.